ಕಪ್ಪುಕುಳಿಯನ್ನು ತೂಗುವುದು ಹೇಗೆ: ಜೋಡಿ ನಕ್ಷತ್ರದ ಬೆಳಕು ಹಿಡಿದು ಒಂದೊಂದೇ ಹೆಜ್ಜೆ

"ಕಾಣೂದ ಇಲ್ಲ ಅಂದಮ್ಯಾಲ ಅದರ ತೂಕಾ ಹೆಂಗ ಹೇಳತಾರ್ರೀ ಸರ?" ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜುಗಳಲ್ಲಿ ಕಪ್ಪುಕುಳಿಯ ಮಾತು ಬಂದಾಗೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಕಪ್ಪುಕುಳಿ ಕಾಣದಿದ್ದರೂ ಅದರ ಜೊತೆಗಿರುವ ನಕ್ಷತ್ರ ಕಾಣುತ್ತದೆ. ಆ ನಕ್ಷತ್ರ ಎಷ್ಟು ದಿನಕ್ಕೊಂದು ಸುತ್ತು ಹಾಕುತ್ತದೆ, ಎಷ್ಟು ವೇಗದಲ್ಲಿ ಹಾಕುತ್ತದೆ, ಆ ಕಕ್ಷೆ ನಮ್ಮ ಕಡೆಗೆ ಎಷ್ಟು ವಾಲಿದೆ ಎಂಬ ಮೂರು ಸಂಗತಿ, ಜೊತೆಗೆ ಆ ನಕ್ಷತ್ರದ ಭಾರದ ಒಂದು ಅಂದಾಜು ಗೊತ್ತಾದರೆ ತೂಕ ಹೇಳಬಹುದು. ಮೊದಲ ಎರಡನ್ನು ಬಹಳ ನಿಖರವಾಗಿ ಅಳೆಯಬಹುದು. ಇಡೀ ಲೆಕ್ಕದ ಕಷ್ಟ ಮೂರನೆಯದರಲ್ಲಿದೆ. ಹಾಗಾಗಿ ಈ ಬರಹದಲ್ಲೂ ಹೆಚ್ಚು ಜಾಗ ಅದಕ್ಕೇ.

ಬಿ.ಎಸ್ಸಿ. ಅಂತಿಮ ವರ್ಷದ ಅಥವಾ ಎಂ.ಎಸ್ಸಿ. ಭೌತಶಾಸ್ತ್ರದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಲಡಾಖಿನ ಹಾನ್ಲೆಯ ಇಲ್ಲವೇ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯಕ್ಕೆ ಹೋಗಬೇಕು, ದೊಡ್ಡ ಸಂಸ್ಥೆಯಲ್ಲಿ ಸೀಟು ಸಿಗಬೇಕು ಎಂದು ನಮ್ಮ ಹುಡುಗ ಹುಡುಗಿಯರು ಮೊದಲೇ ಕೈಬಿಡುವುದನ್ನು ನೋಡಿ ಬೇಸರವಾಗುತ್ತದೆ. ಬೇಕಾದ ಅಳತೆಗಳು ಸಾರ್ವಜನಿಕವಾಗಿ ಸಿಗುತ್ತವೆ. ಒಂದು ಸಾಧಾರಣ ಲ್ಯಾಪ್‌ಟಾಪ್, ಎಕ್ಸೆಲ್ ಥರದ ಲೆಕ್ಕದ ಹಾಳೆ, ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಇದ್ದರೆ ಶುರುಮಾಡಬಹುದು. ಪೈಥಾನ್ ಬಂದರೆ ಇನ್ನೂ ಸಲೀಸು.

ಮೊದಲು, ಯಾವ ಜೋಡಿ?

ಅಭ್ಯಾಸಕ್ಕೆ ಎರಡು ಜೋಡಿಗಳನ್ನು ತೆಗೆದುಕೊಳ್ಳೋಣ. ಎರಡೂ ರಾಜಹಂಸ ನಕ್ಷತ್ರಪುಂಜದಲ್ಲಿವೆ, ಆದರೆ ಸ್ವಭಾವ ತದ್ವಿರುದ್ಧ.

ಒಂದು ಸಿಗ್ನಸ್ ಎಕ್ಸ್-1. 1964ರಲ್ಲಿ ರಾಕೆಟ್ ಮೇಲೆ ಕಳಿಸಿದ ಎಕ್ಸ್-ಕಿರಣ ಉಪಕರಣಕ್ಕೆ ಸಿಕ್ಕ ಆಕರ ಇದು. ಅದೇ ಜಾಗದಲ್ಲಿರುವ ಎಚ್‌ಡಿಇ 226868 ಎಂಬ ನೀಲಿ ದೈತ್ಯ ನಕ್ಷತ್ರ ಸುಮಾರು 5.6 ದಿನಕ್ಕೊಮ್ಮೆ ಹಿಂದೆ ಮುಂದೆ ಓಲಾಡುತ್ತಿದೆ ಎಂಬುದನ್ನು ಇಂಗ್ಲೆಂಡಿನಲ್ಲಿ ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್, ಕೆನಡಾದಲ್ಲಿ ಟಾಮ್ ಬೋಲ್ಟನ್ ಸ್ವತಂತ್ರವಾಗಿ 1971–72ರ ಹೊತ್ತಿಗೆ ಕಂಡುಕೊಂಡರು. ಇಲ್ಲಿ ಜೊತೆ ನಕ್ಷತ್ರ ಕಪ್ಪುಕುಳಿಗಿಂತ ಭಾರ.

ಇನ್ನೊಂದು ವಿ404 ಸಿಗ್ನಿ. 1938ರಲ್ಲಿ ಒಮ್ಮೆ ಭುಗಿಲೆದ್ದದ್ದು, 1989ರಲ್ಲಿ ಜಪಾನಿನ ಗಿಂಗಾ ಉಪಗ್ರಹದ ಕಣ್ಣಿಗೆ ಮತ್ತೆ ಬಿತ್ತು. 2015ರ ಜೂನಿನಲ್ಲಿ ಇನ್ನೊಮ್ಮೆ ಎದ್ದಿತು. ಇಲ್ಲಿ ಜೊತೆ ನಕ್ಷತ್ರ ಹಗುರ, ಕಪ್ಪುಕುಳಿ ಭಾರ. ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಆರಿಸುವಾಗ ಒಂದು ನಿಯಮ ಪಾಲಿಸಿ: ಎಕ್ಸ್-ಕಿರಣ ಉಕ್ಕುತ್ತಿರುವ ಹೊತ್ತಿನ ರೋಹಿತಗಳನ್ನು (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು) ತೂಕಕ್ಕೆ ಬಳಸಬೇಡಿ. ಉಕ್ಕಿದಾಗ ಕಪ್ಪುಕುಳಿಯ ಸುತ್ತಲಿನ ಬಿಸಿ ಅನಿಲದ ಬೆಳಕು ನಕ್ಷತ್ರದ ಬೆಳಕನ್ನು ಮುಳುಗಿಸುತ್ತದೆ. ನಕ್ಷತ್ರದ ಒಂದು ಮಗ್ಗುಲು ಮಾತ್ರ ಕಾದು, ಅಳೆದ ವೇಗವೂ ಕೆಡುತ್ತದೆ. ವಿ404 ತಣ್ಣಗಾಗುವವರೆಗೆ ಕಾದು, ಲಾ ಪಾಲ್ಮಾ ದ್ವೀಪದ 4.2 ಮೀಟರ್ ವಿಲಿಯಂ ಹರ್ಷೆಲ್ ದೂರದರ್ಶಕದಿಂದ ರೋಹಿತ ತೆಗೆದು ಹೋರ್ಹೆ ಕಸಾರೆಸ್ ಮತ್ತು ಸಂಗಡಿಗರು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾದದ್ದಕ್ಕೆ ಫಲ ಸಿಕ್ಕಿತು.

ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ (28 ಸೆಪ್ಟೆಂಬರ್ 2015ರಂದು ಹಾರಿದ್ದು) ಕೂಡ ಇಂಥ ಜೋಡಿಗಳ ಎಕ್ಸ್-ಕಿರಣ ನೋಡಿದೆ, ಅದರ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಇಸ್ರೋ ಕೇಂದ್ರದ ಸಂಗ್ರಹದಲ್ಲಿದೆ. ಆದರೆ ಎಕ್ಸ್-ಕಿರಣ ಹೇಳುವುದು "ಇಲ್ಲಿ ಏನೋ ನುಂಗುತ್ತಿದೆ" ಎಂದು ಮಾತ್ರ. ಈ ವಿಧಾನದಲ್ಲಿ ತೂಕ ಬರುವುದು ಜೊತೆ ನಕ್ಷತ್ರದ ಸಾದಾ ಬೆಳಕಿನಿಂದಲೇ.

ಸುತ್ತಿನ ಅವಧಿ

ಬೆಳಕಿನ ಏರಿಳಿತದ ದತ್ತಾಂಶಕ್ಕೆ ನಾಸಾದ ಟೆಸ್ ಉಪಗ್ರಹದ ಸಂಗ್ರಹ ನೋಡಿ. ಪೈಥಾನಿನಲ್ಲಿ ಲೈಟ್‌ಕರ್ವ್ ಎಂಬ ಉಚಿತ ಪ್ಯಾಕೇಜು ಅದನ್ನು ನೇರವಾಗಿ ಇಳಿಸಿಕೊಡುತ್ತದೆ. ಟೆಸ್‌ನ ಒಂದೊಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಅಂದರೆ ಡಿಗ್ರಿಯ 3,600ನೇ ಒಂದು ಪಾಲು) ಅಗಲ. ಪ್ರಖರವಾದ ಸಿಗ್ನಸ್ ಎಕ್ಸ್-1ಕ್ಕೆ ನಡೆಯುತ್ತದೆ. ಶಾಂತವಾಗಿದ್ದಾಗ 18ನೇ ಪ್ರಮಾಣದಷ್ಟು (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಮಂಕಾಗಿ, ಪಕ್ಕದಲ್ಲೇ ಇನ್ನೊಂದು ನಕ್ಷತ್ರ ಅಂಟಿಕೊಂಡಿರುವ ವಿ404ಕ್ಕೆ ಇದರಿಂದ ಉಪಯೋಗವಿಲ್ಲ. ಅದಕ್ಕೆ ಪ್ರಕಟವಾದ ವೇಗದ ಪಟ್ಟಿಗಳನ್ನೇ ಹಿಡಿಯಬೇಕು.

ಅವಧಿ ಹುಡುಕಲು ಲಾಂಬ್-ಸ್ಕಾರ್ಗಲ್ ವಿಧಾನ ಬಳಸಿ, ದತ್ತಾಂಶಕ್ಕೆ ಹೊಂದುವ ಅವಧಿಗಳಲ್ಲಿ ಅದು ಶಿಖರ ತೋರಿಸುತ್ತದೆ. ಪೈಥಾನಿನ ಇನ್ನೊಂದು ಉಚಿತ ಪ್ಯಾಕೇಜು ಆಸ್ಟ್ರೋಪೈಯಲ್ಲಿ ಅದು ಸಿದ್ಧವಾಗಿದೆ. ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಕಪ್ಪುಕುಳಿಯ ಸೆಳೆತಕ್ಕೆ ಜೊತೆ ನಕ್ಷತ್ರ ಅದರ ಕಡೆಗೆ ಎಳೆದುಕೊಂಡು ಉದ್ದಗಾಗಿರುತ್ತದೆ. ಮಗ್ಗುಲು ಕಂಡಾಗ ದೊಡ್ಡದಾಗಿ, ತುದಿ ಕಂಡಾಗ ಚಿಕ್ಕದಾಗಿ ತೋರುತ್ತದೆ. ಒಂದು ಸುತ್ತಿನಲ್ಲಿ ಮಗ್ಗುಲು ಎರಡು ಸಲ ಕಾಣುವುದರಿಂದ ಬೆಳಕಿಗೆ ಎರಡು ಏರು, ಎರಡು ಇಳಿತ. ಹಾಗಾಗಿ ಕಂಪ್ಯೂಟರ್ ಅತಿ ಎತ್ತರದ ಶಿಖರವನ್ನು ಸಿಗ್ನಸ್ ಎಕ್ಸ್-1ಕ್ಕೆ 5.6 ದಿನದಲ್ಲಿ ತೋರಿಸದೆ 2.8 ದಿನದಲ್ಲಿ ತೋರಿಸುತ್ತದೆ. ಅದನ್ನೇ ಅವಧಿ ಎಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಅರ್ಧಕ್ಕಿಳಿಯುತ್ತದೆ. ವೇಗದ ದತ್ತಾಂಶದಲ್ಲಿ ಈ ತೊಡಕಿಲ್ಲ: ಒಂದು ಸುತ್ತಿಗೆ ಒಂದೇ ಅಲೆ. ಎರಡನ್ನೂ ಒಂದರ ಪಕ್ಕ ಇನ್ನೊಂದಿಟ್ಟು ನೋಡಿಯೇ ಅವಧಿ ಗಟ್ಟಿಮಾಡಿ.

ಒಂದೇ ಊರಿನಿಂದ ರಾತ್ರಿ ಮಾತ್ರ ಅಳೆದ ದತ್ತಾಂಶದಲ್ಲಿ ಒಂದು ದಿನದ ಸುಳ್ಳು ಅವಧಿಯೂ ಇಣುಕುತ್ತದೆ. ಹಗಲೆಲ್ಲ ಖಾಲಿ ಬಿಟ್ಟದ್ದರ ಪರಿಣಾಮ ಅದು, ಕಡೆಗಣಿಸಿ. ಅವಧಿಯ ನಿಖರತೆ ಎಷ್ಟಿರಬೇಕು ಎಂದರೆ, 0.001 ದಿನ ತಪ್ಪಿದರೆ 100 ಸುತ್ತಿನ ನಂತರ 0.1 ದಿನ ಆಚೀಚೆ ಆಗುತ್ತದೆ. ಹಳೆಯ ದತ್ತಾಂಶ ಜೋಡಿಸುವವರು ಇದನ್ನು ಮರೆಯಬಾರದು. ಸಿಗ್ನಸ್ ಎಕ್ಸ್-1ರ ಅವಧಿ 5.5998 ದಿನ, ವಿ404ರದ್ದು 6.4714 ದಿನ.

ವೇಗ

ನಕ್ಷತ್ರದ ಬೆಳಕನ್ನು ರೋಹಿತವಾಗಿ ಬಿಡಿಸಿದರೆ ಅಲ್ಲಲ್ಲಿ ಕಪ್ಪು ಗೆರೆಗಳು. ನಕ್ಷತ್ರ ನಮ್ಮತ್ತ ಬರುವಾಗ ಗೆರೆ ನೀಲಿ ಕಡೆಗೆ, ದೂರ ಸರಿಯುವಾಗ ಕೆಂಪು ಕಡೆಗೆ ಜರುಗುತ್ತದೆ. ಈ ಡಾಪ್ಲರ್ ಪಲ್ಲಟ ಎಷ್ಟು ಸಣ್ಣದು ಎಂಬುದನ್ನು ಕಣ್ಣಾರೆ ನೋಡೋಣ. ಹೀಲಿಯಂನ ಒಂದು ಗೆರೆ 447.1 ನ್ಯಾನೋಮೀಟರ್‌ನಲ್ಲಿದೆ. ಸಿಗ್ನಸ್ ಎಕ್ಸ್-1ರ ನಕ್ಷತ್ರದ ವೇಗದ ಏರಿಳಿತ ಸೆಕೆಂಡಿಗೆ ಸುಮಾರು 75 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿ.ಮೀ. ಹಾಗಾದರೆ ಗೆರೆ ಜರುಗುವುದು 447.1 × 75 ÷ 2,99,792, ಅಂದರೆ 0.112 ನ್ಯಾನೋಮೀಟರ್. ಇಷ್ಟನ್ನು ಕಣ್ಣಂದಾಜಿನಲ್ಲಿ ಹಿಡಿಯಲಾಗದು. ಗೆರೆಯ ಆಕಾರಕ್ಕೆ ಒಂದು ಗಂಟೆಯಾಕಾರದ ರೇಖೆ ಹೊಂದಿಸಿ ನಡುಬಿಂದು ತೆಗೆಯಬೇಕು, ಅಥವಾ ಅದೇ ಜಾತಿಯ ಇನ್ನೊಂದು ನಕ್ಷತ್ರದ ರೋಹಿತದ ಜೊತೆ ಇಡೀ ರೋಹಿತವನ್ನು ಸರಿಸಿ ಸರಿಸಿ ತಾಳೆ ನೋಡಬೇಕು. ಎರಡನೆಯದೇ ಹೆಚ್ಚು ಭರವಸೆಯದು, ನೂರಾರು ಗೆರೆ ಒಟ್ಟಿಗೆ ಸಾಕ್ಷಿ ಹೇಳುತ್ತವೆ.

ಹೈಡ್ರೋಜನ್ ಗೆರೆಗಳು ಎದ್ದು ಕಾಣುತ್ತವೆಂದು ಅವುಗಳ ಹಿಂದೆ ಹೋಗಬೇಡಿ. ನಕ್ಷತ್ರದಿಂದ ಹೊಮ್ಮುವ ಗಾಳಿ, ಕಪ್ಪುಕುಳಿಯ ಸುತ್ತಲಿನ ಅನಿಲದ ತಟ್ಟೆ, ಎರಡೂ ಹೈಡ್ರೋಜನ್ ಗೆರೆಯಲ್ಲಿ ತಮ್ಮ ಬೆಳಕು ಬೆರೆಸುತ್ತವೆ. ಇದರಿಂದ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಮುಂದೆ ಉದಾಹರಣೆ ಬರುತ್ತದೆ.

ಇನ್ನು ಭೂಮಿಯ ಓಟ. ನಾವೇ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿದ್ದೇವೆ. ಸಿಗ್ನಸ್ ಎಕ್ಸ್-1ರ ದಿಕ್ಕಿನಲ್ಲಿ ಅದರ ಪಾಲು ಋತುವಿಗೆ ತಕ್ಕಂತೆ ಆಚೆಗೆ 17, ಈಚೆಗೆ 17 ಕಿ.ಮೀ.ವರೆಗೆ ಬರುತ್ತದೆ. 75ನ್ನು ಅಳೆಯಲು ಹೊರಟಾಗ 17 ಸಣ್ಣ ಸಂಖ್ಯೆಯಲ್ಲ. ಪ್ರಕಟಿತ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇದನ್ನು ಕಳೆದಿರುತ್ತಾರೆ. ಕಚ್ಚಾ ರೋಹಿತ ಹಿಡಿದರೆ ನೀವೇ ಕಳೆಯಬೇಕು, ಆಸ್ಟ್ರೋಪೈಯಲ್ಲಿ ಒಂದೇ ಸಾಲಿನ ಕೆಲಸ.

ಈಗ ಹಾಳೆ ತೆರೆಯಿರಿ. ಒಂದು ಕಂಬದಲ್ಲಿ ಸಮಯ, ಇನ್ನೊಂದರಲ್ಲಿ ವೇಗ. ಸಮಯದಿಂದ ಆರಂಭದ ಕ್ಷಣ (ವೇಗ ತನ್ನ ನಡುಮಟ್ಟ ದಾಟುವ ಒಂದು ಕ್ಷಣ) ಕಳೆದು, ಅವಧಿಯಿಂದ ಭಾಗಿಸಿ, ದಶಾಂಶ ಭಾಗ ಮಾತ್ರ ಇಟ್ಟುಕೊಳ್ಳಿ. ಅದು ಹಂತ, 0ಯಿಂದ 1ರವರೆಗೆ. ಹಂತದ ಎದುರು ವೇಗ ಹಾಕಿ ಚಿತ್ರ ಬರೆದರೆ ಚದುರಿದ್ದ ಚುಕ್ಕಿಗಳೆಲ್ಲ ಸಾಲಾಗಿ ನಿಂತು ಒಂದು ಸೈನ್ ಅಲೆಯಾಗುತ್ತವೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟದ ಗಳಿಗೆ ಅದು. ಅವಧಿ ತಪ್ಪಿದ್ದರೆ ಚುಕ್ಕಿಗಳು ಸಾಲಾಗುವುದೇ ಇಲ್ಲ. ಅಲೆಯ ನಡುಮಟ್ಟ ಇಡೀ ಜೋಡಿಯ ಒಟ್ಟು ಚಲನೆ, ನಡುಮಟ್ಟದಿಂದ ತುದಿಯವರೆಗಿನ ಎತ್ತರ ನಮಗೆ ಬೇಕಾದ ವೇಗ. ಸಿಗ್ನಸ್ ಎಕ್ಸ್-1ಕ್ಕೆ ಇದು 75, ವಿ404ಕ್ಕೆ 208.5 ಕಿ.ಮೀ. ಅಲೆಯ ಎರಡು ತುದಿಗಳಲ್ಲಿ, ಅಂದರೆ ಕಾಲು ಮತ್ತು ಮುಕ್ಕಾಲು ಹಂತದಲ್ಲಿ ಸಾಕಷ್ಟು ಚುಕ್ಕಿ ಇಲ್ಲದಿದ್ದರೆ ಈ ಎತ್ತರವನ್ನು ನಂಬಬೇಡಿ.

ನೆಲಗಟ್ಟು: ದ್ರವ್ಯರಾಶಿ ಫಲನ

ಅವಧಿಯನ್ನು ದಿನಗಳಲ್ಲಿ ಅ ಎಂದೂ, ವೇಗವನ್ನು ಸೆಕೆಂಡಿಗೆ ಕಿ.ಮೀ.ಗಳಲ್ಲಿ ವೇ ಎಂದೂ ಬರೆಯೋಣ. ಕಕ್ಷೆ ದುಂಡಗಿದ್ದರೆ, ದ್ರವ್ಯರಾಶಿ ಫಲನ, ಅಂದರೆ ಫ, ಹೀಗೆ:

ಫ = 1.036 × 10⁻⁷ × ಅ × ವೇ³

ಇದು ಕೆಪ್ಲರನ ಮೂರನೇ ನಿಯಮವೇ, ರೂಪ ಬೇರೆ. ಉತ್ತರ ಸೂರ್ಯನ ದ್ರವ್ಯರಾಶಿಯ ಲೆಕ್ಕದಲ್ಲಿ ಬರುತ್ತದೆ. ಕಕ್ಷೆ ಮೊಟ್ಟೆಯಾಕಾರವಾಗಿದ್ದರೆ, ಉತ್ಕೇಂದ್ರತೆ (ಕಕ್ಷೆ ದುಂಡಿನಿಂದ ಎಷ್ಟು ಉದ್ದಗಾಗಿದೆ ಎಂಬ ಅಳತೆ) ಉ ಎಂದಿಟ್ಟುಕೊಂಡು, ಇದನ್ನು (1 − ಉ²)ರ ಒಂದೂವರೆ ಘಾತದಿಂದ ಗುಣಿಸಬೇಕು. ನಮ್ಮ ಎರಡೂ ಜೋಡಿಗಳಿಗೆ ಅದರ ಅಗತ್ಯ ಬೀಳುವುದಿಲ್ಲ.

ಸೂತ್ರವನ್ನು ಹಾಳೆಗೆ ಹಾಕಿದ ಕೂಡಲೇ ಭೂಮಿಯ ಮೇಲೆ ಪರೀಕ್ಷಿಸಿ. ಅವಧಿ 365.25, ವೇಗ 29.78. ಉತ್ತರ 1ಕ್ಕೆ ಬಹಳ ಹತ್ತಿರ ಬರಬೇಕು, ಏಕೆಂದರೆ ಭೂಮಿ ಸುತ್ತುತ್ತಿರುವುದು ಒಂದು ಸೂರ್ಯನನ್ನು. ಬರಲಿಲ್ಲವೆಂದರೆ ಎಲ್ಲೋ ಘನ ಮಾಡುವುದು ಬಿಟ್ಟುಹೋಗಿದೆ.

ಈಗ ವಿ404: 1.036 × 10⁻⁷ × 6.4714 × 208.5³ = 6.08. ಇದೇ ಲೆಕ್ಕ ಸಿಗ್ನಸ್ ಎಕ್ಸ್-1ಕ್ಕೆ ಕೊಡುವುದು 0.245.

ಈ ಫ ಎಂಬುದರ ಅರ್ಥ ಹೀಗೆ. ಕಪ್ಪುಕುಳಿಯ ರಾಶಿ ಕ, ಜೊತೆ ನಕ್ಷತ್ರದ್ದು ಜ, ಕಕ್ಷೆಯ ವಾಲು ವಾ ಆದರೆ,

ಫ = ಕ³ × ಸೈನ್³(ವಾ) ÷ (ಕ + ಜ)²

ಸೈನ್ ಎಂದೂ 1ನ್ನು ಮೀರುವುದಿಲ್ಲ, ಜ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ. ಆದ್ದರಿಂದ ಕ ಯಾವತ್ತೂ ಫ ಗಿಂತ ಹೆಚ್ಚೇ. ವಿ404ರಲ್ಲಿ ಕಾಣದ ವಸ್ತು ಏನೇ ಇರಲಿ, ಅದು ಸೂರ್ಯನ 6.08 ಪಟ್ಟಿಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಸತ್ತ ನಕ್ಷತ್ರ ಉಳಿಯುವ ಇನ್ನೆರಡು ರೂಪಗಳಲ್ಲಿ, ಶ್ವೇತಕುಬ್ಜಕ್ಕೆ ಭಾರದ ಗರಿಷ್ಠ ಮಿತಿ (ಚಂದ್ರಶೇಖರ್ ಮಿತಿ) ಸುಮಾರು 1.4 ಸೂರ್ಯರಷ್ಟು. ನ್ಯೂಟ್ರಾನ್ ನಕ್ಷತ್ರಕ್ಕೆ ಎಷ್ಟು ಧಾರಾಳವಾಗಿ ಬಿಟ್ಟರೂ 3. ಎರಡೂ ಇಲ್ಲಿ ಹೊಂದುವುದಿಲ್ಲ. ವಾಲು ಎಷ್ಟು, ಜೊತೆ ನಕ್ಷತ್ರ ಎಷ್ಟು ಭಾರ, ದೂರ ಎಷ್ಟು ಎಂಬುದು ಒಂದೂ ಗೊತ್ತಿಲ್ಲದೆ ಇಷ್ಟು ಹೇಳಬಹುದು. 1992ರ ಲೇಖನದಲ್ಲಿ ಈ ಸಂಖ್ಯೆ 6.26 ಇತ್ತು. ಕಪ್ಪುಕುಳಿಗಳು ಇವೆಯೋ ಇಲ್ಲವೋ ಎಂಬ ಚರ್ಚೆಗೆ ಅದು ಕೊಟ್ಟಷ್ಟು ನೇರ ಉತ್ತರ ಅಲ್ಲಿಯವರೆಗೆ ಯಾವ ಜೋಡಿಯೂ ಕೊಟ್ಟಿರಲಿಲ್ಲ.

ಸಿಗ್ನಸ್ ಎಕ್ಸ್-1ರ 0.245 ಮಾತ್ರ ಏನನ್ನೂ ಸಾಬೀತುಮಾಡುವುದಿಲ್ಲ. ಅಲ್ಲಿ ಜೊತೆ ನಕ್ಷತ್ರದ ಭಾರವನ್ನು ಸೇರಿಸಲೇಬೇಕು. ಅದು 20 ಸೂರ್ಯರಷ್ಟಿದ್ದರೆ, ವಾಲು ಪೂರ್ತಿ 90 ಡಿಗ್ರಿ ಎಂದುಕೊಂಡರೂ, ಕಾಣದ ವಸ್ತು 5.4 ಸೂರ್ಯರಷ್ಟಾಗುತ್ತದೆ. ಅಂದರೆ ಅಲ್ಲಿ ವಾದ ನಿಂತಿರುವುದು ಆ ನೀಲಿ ದೈತ್ಯದ ಭಾರವನ್ನು ನಾವು ಎಷ್ಟು ಸರಿಯಾಗಿ ಅಂದಾಜು ಮಾಡಿದ್ದೇವೆ ಎಂಬುದರ ಮೇಲೆ.

ಜೊತೆ ನಕ್ಷತ್ರದ ಪಾಲು

ವಿ404ರಂಥ ಹಗುರ ಜೊತೆಗಾರನಿದ್ದಲ್ಲಿ ಒಂದು ಚೆಂದದ ದಾರಿ ಇದೆ. ಆ ನಕ್ಷತ್ರ ತನ್ನ ಸುತ್ತ ತಾನು ತಿರುಗುವ ಕಾಲವೂ ಕಕ್ಷೆಯ ಕಾಲವೂ ಒಂದೇ, ಚಂದ್ರ ಭೂಮಿಗೆ ಒಂದೇ ಮುಖ ತೋರುವ ಹಾಗೆ. ತಿರುಗುವುದರಿಂದ ರೋಹಿತದ ಗೆರೆ ಅಗಲವಾಗುತ್ತದೆ. ಅಗಲ ನೋಡಿ ತಿರುಗುವ ವೇಗ ತೆಗೆದರೆ ವಿ404ಕ್ಕೆ ಸೆಕೆಂಡಿಗೆ ಸುಮಾರು 39 ಕಿ.ಮೀ. ಅದನ್ನು 208.5ರಿಂದ ಭಾಗಿಸಿದರೆ 0.187. ನಕ್ಷತ್ರ ಮತ್ತು ಕಪ್ಪುಕುಳಿಯ ರಾಶಿಯ ಅನುಪಾತವನ್ನು ಪಾ ಎಂದರೆ, ಈ 0.187 ಎಂಬುದು 0.462 × [ಪಾ × (1 + ಪಾ)²]ರ ಘನಮೂಲಕ್ಕೆ ಸಮ. ಪಾ = 0.06 ಹಾಕಿ ನೋಡಿ, ಸರಿಹೊಂದುತ್ತದೆ. ಅಂದರೆ ನಕ್ಷತ್ರ ಕಪ್ಪುಕುಳಿಯ ನೂರರಲ್ಲಿ ಆರು ಪಾಲು ಮಾತ್ರ.

ಈಗ ಸಮೀಕರಣ ಸರಳವಾಯಿತು: ಕ = ಫ × (1 + ಪಾ)² ÷ ಸೈನ್³(ವಾ) = 6.83 ÷ ಸೈನ್³(ವಾ).

ವಾಲು: ಎಲ್ಲ ತಕರಾರಿನ ಮೂಲ

ಕಣದಲ್ಲಿ ಹಂತಿ ಹೊಡೆಯುವಾಗ ಅಂಚಿನಲ್ಲಿ ಕುಳಿತು ನೋಡಿದರೆ ಎತ್ತು ಒಮ್ಮೆ ನಿಮ್ಮತ್ತ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ. ಮೇಟಿಯ ತುದಿಯಿಂದ ನೋಡಿದರೆ ಅದೇ ಎತ್ತು ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಡಾಪ್ಲರ್‌ಗೆ ಗೊತ್ತಾಗುವುದು ಹತ್ತಿರ-ದೂರ ಮಾತ್ರ. ಅಂಚಿನಿಂದ ಕಂಡರೆ ವಾಲು 90 ಡಿಗ್ರಿ, ನಿಜವಾದ ವೇಗ ಪೂರ್ತಿ ಸಿಗುತ್ತದೆ. ಮೇಲಿನಿಂದ ಕಂಡರೆ 0 ಡಿಗ್ರಿ, ವೇಗ ಏನೂ ಸಿಗುವುದಿಲ್ಲ. ನಡುವೆ ಎಲ್ಲಿದ್ದೇವೆ ಎಂಬುದನ್ನು ವೇಗದ ಅಲೆ ಹೇಳುವುದಿಲ್ಲ.

ಸೈನ್ ಘನವಾಗಿ ಬರುವುದರಿಂದ ಸಣ್ಣ ವ್ಯತ್ಯಾಸವೂ ಉಬ್ಬುತ್ತದೆ. ವಿ404ಕ್ಕೆ ವಾಲು 67 ಡಿಗ್ರಿ ಎಂದರೆ ಕಪ್ಪುಕುಳಿ 8.8 ಸೂರ್ಯರಷ್ಟು. 60 ಎಂದರೆ 10.5. 45 ಎಂದರೆ 19.3. ವೇಗ ಅದೇ, ಅವಧಿ ಅದೇ, ತೂಕ ಮಾತ್ರ ಎರಡು ಪಟ್ಟು ಮೀರಿತು.

ವಾಲು ತಿಳಿಯಲು ಹಿಂದೆ ಹೇಳಿದ ಎರಡು ಏರು ಎರಡು ಇಳಿತದ ಬೆಳಕೇ ಬೇಕು. ಉದ್ದಗಾದ ನಕ್ಷತ್ರವನ್ನು ಅಂಚಿನಿಂದ ನೋಡಿದರೆ ಏರಿಳಿತ ದೊಡ್ಡದು, ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ಇಲ್ಲ. ಏರಿಳಿತದ ಎತ್ತರ ಅಳೆದು, ಯಾವ ವಾಲಿಗೆ ಅಷ್ಟು ಬರುತ್ತದೆ ಎಂದು ಮಾದರಿ ಕಟ್ಟಿ ಹೊಂದಿಸುತ್ತಾರೆ. ಸಿಗ್ನಸ್ ಎಕ್ಸ್-1ರಲ್ಲಿ ಈ ಏರಿಳಿತ ಬೆಳಕಿನ ನೂರರಲ್ಲಿ ನಾಲ್ಕು ಪಾಲಿನಷ್ಟು. ಇಷ್ಟೊಂದು ಸಣ್ಣದಾಗಿರುವುದೇ ಅದರ ಕಕ್ಷೆಯನ್ನು ನಾವು ಹೆಚ್ಚಾಗಿ ಮೇಲಿನಿಂದ ನೋಡುತ್ತಿದ್ದೇವೆ ಎಂಬುದಕ್ಕೆ ಒಂದು ಸುಳಿವು.

ಇಲ್ಲಿ ಕೆಡಿಸುವುದು ಅನಿಲದ ತಟ್ಟೆ. ಅದರ ಸ್ಥಿರ ಬೆಳಕು ನಕ್ಷತ್ರದ ಏರಿಳಿತದ ಮೇಲೆ ಸೇರಿದರೆ, ಒಟ್ಟು ಬೆಳಕಿನಲ್ಲಿ ಏರಿಳಿತದ ಪಾಲು ಕಡಿಮೆಯಾಗಿ ತೋರುತ್ತದೆ. ನೀವು ವಾಲನ್ನು ಕಡಿಮೆ ಅಂದುಕೊಳ್ಳುತ್ತೀರಿ, ಕಪ್ಪುಕುಳಿ ಇರುವುದಕ್ಕಿಂತ ಭಾರವಾಗುತ್ತದೆ. ವಿ404ರಲ್ಲಿ ಇದೇ ಆಯಿತು. 1994ರ ಅಧ್ಯಯನದಲ್ಲಿ ವಾಲು 56 ಡಿಗ್ರಿ, ತೂಕ 12. 2010ರಲ್ಲಿ ಅವಕೆಂಪು ರೋಹಿತದಿಂದ ತಟ್ಟೆಯ ಬೆಳಕು ಎಷ್ಟೆಂದು ಅಳೆದು ಕಳೆದಾಗ ವಾಲು 67, ತೂಕ 9. ಹದಿನಾರು ವರ್ಷದಲ್ಲಿ ಕಪ್ಪುಕುಳಿ ಮೂರು ಸೂರ್ಯರಷ್ಟು ಹಗುರಾಯಿತು, ಫ ಅಲ್ಲೇ ಇತ್ತು. ಹಾಗಾಗಿ ನಿಮ್ಮ ಲೆಕ್ಕದಲ್ಲಿ ತಟ್ಟೆಯ ಬೆಳಕಿಗೆ ಸೊನ್ನೆ, ನೂರರಲ್ಲಿ ಹತ್ತು, ನೂರರಲ್ಲಿ ಇಪ್ಪತ್ತು ಎಂದು ಬೇರೆ ಬೇರೆ ಪಾಲು ಕೊಟ್ಟು ತೂಕ ಎಷ್ಟು ಕದಲುತ್ತದೆ ಎಂದು ನೋಡಿ. ಇಡೀ ಪ್ರಾಜೆಕ್ಟಿನಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ ಎಂದು ನನ್ನ ಅಭಿಪ್ರಾಯ.

ವಾಲನ್ನು ನೇರವಾಗಿ ಕಾಣುವ ದಾರಿಯೂ ಈಗ ಇದೆ. ಯುರೋಪಿನ ಗಾಯಾ ಉಪಗ್ರಹ ನಕ್ಷತ್ರ ಆಕಾಶದಲ್ಲಿ ಬರೆಯುವ ಪುಟ್ಟ ಸುತ್ತನ್ನೇ ಅಳೆಯಿತು. 2022ರಲ್ಲಿ ಹೀಗೆ ಸಿಕ್ಕಿದ ಗಾಯಾ ಬಿಎಚ್1 ನಮ್ಮಿಂದ ಸುಮಾರು 1,560 ಜ್ಯೋತಿರ್ವರ್ಷ ದೂರ, ಅವಧಿ 185.6 ದಿನ, ಕಪ್ಪುಕುಳಿ ಸುಮಾರು 9.6 ಸೂರ್ಯರಷ್ಟು. ಅಲ್ಲಿ ಅನಿಲದ ತಟ್ಟೆಯಿಲ್ಲ, ಎಕ್ಸ್-ಕಿರಣವಿಲ್ಲ. ಸೂರ್ಯನಂಥ ಒಂದು ನಕ್ಷತ್ರ ಏನೂ ಕಾಣದ ಜಾಗವನ್ನು ಸುತ್ತುತ್ತಿದೆ. ಕಕ್ಷೆ ಮೊಟ್ಟೆಯಾಕಾರ, ಉತ್ಕೇಂದ್ರತೆ 0.45. ಮೇಲೆ ಹೇಳಿದ ಒಂದೂವರೆ ಘಾತದ ತಿದ್ದುಪಡಿ ಅಭ್ಯಾಸ ಮಾಡಲು ಇದು ಒಳ್ಳೆಯದು: ವೇಗ 66.7 ಹಾಕಿದರೆ ತಿದ್ದುವ ಮೊದಲು ಫ 5.7, ತಿದ್ದಿದ ಮೇಲೆ 4.1ರ ಸುತ್ತಮುತ್ತ. 2024ರಲ್ಲಿ ಪ್ರಕಟವಾದ ಗಾಯಾ ಬಿಎಚ್3 ಇನ್ನೂ ದೊಡ್ಡದು, 33 ಸೂರ್ಯರಷ್ಟು.

ಭಾರದ ಜೊತೆಗಾರನಿದ್ದಾಗ

ಸಿಗ್ನಸ್ ಎಕ್ಸ್-1ರಲ್ಲಿ ಜ ದೊಡ್ಡದು, ಕ ಎರಡೂ ಬದಿಯಲ್ಲಿದೆ. ಒಂದು ಊಹೆ ಹಾಕಿ, ಬಂದ ಉತ್ತರವನ್ನೇ ಮತ್ತೆ ಹಾಕುತ್ತ ಹೋಗಬೇಕು. ಸಮೀಕರಣವನ್ನು ಹೀಗೆ ಬರೆದುಕೊಳ್ಳಿ:

ಹೊಸ ಕ = [ಫ × (ಹಳೆಯ ಕ + ಜ)² ÷ ಸೈನ್³(ವಾ)]ರ ಘನಮೂಲ

ವಿ404ಕ್ಕೆ ಬಳಸಿದ ರೂಪದಲ್ಲೇ ಹಾಕಿದರೆ ಇಲ್ಲಿ ಉತ್ತರ ಒಮ್ಮೆ ಮೇಲೆ ಒಮ್ಮೆ ಕೆಳಗೆ ಜಿಗಿಯುತ್ತ ನಿಲ್ಲುವುದೇ ಇಲ್ಲ. ಘನಮೂಲದ ರೂಪ ಬೇಗ ನಿಲ್ಲುತ್ತದೆ. ಜ = 40.6, ವಾಲು 27.5 ಡಿಗ್ರಿ ಇಟ್ಟು ಕ = 10ರಿಂದ ಶುರುಮಾಡಿದರೆ 18.5, 20.6, 21.0, 21.1 ಎಂದು ಹತ್ತಿ 21.2ರಲ್ಲಿ ಕೂರುತ್ತದೆ.

ಆ 40.6 ಎಲ್ಲಿಂದ ಬಂತು? ನಕ್ಷತ್ರದ ನಿಜವಾದ ಪ್ರಕಾಶದಿಂದ. ಅದಕ್ಕೆ ದೂರ ಗೊತ್ತಿರಬೇಕು. 2011ರಲ್ಲಿ ರೇಡಿಯೋ ದೂರದರ್ಶಕಗಳ ಜಾಲ ಕೊಟ್ಟ ದೂರ ಸುಮಾರು 6,100 ಜ್ಯೋತಿರ್ವರ್ಷ, ಆಗ ಕಪ್ಪುಕುಳಿ 14.8 ಸೂರ್ಯರಷ್ಟು. 2021ರಲ್ಲಿ ಮತ್ತಷ್ಟು ಅವಲೋಕನ ಸೇರಿಸಿ ಅಳೆದಾಗ ದೂರ 7,200 ಆಯಿತು, ನಕ್ಷತ್ರ ಇನ್ನೂ ಪ್ರಕಾಶವುಳ್ಳದ್ದಾಯಿತು, ಕಪ್ಪುಕುಳಿ 21.2ಕ್ಕೆ ಏರಿತು.

ದೋಷದ ಲೆಕ್ಕ

ವೇಗ ಘನವಾಗಿ ಬರುವುದರಿಂದ ಅದರ ದೋಷ ಮೂರು ಪಟ್ಟು. ವಿ404ರಲ್ಲಿ ವೇಗದ ದೋಷ 0.7 ಕಿ.ಮೀ., ಅದರಿಂದ ತೂಕಕ್ಕೆ ತಾಕುವುದು ನೂರಕ್ಕೆ ಒಂದು. ವಾಲು 3 ಡಿಗ್ರಿ ಆಚೀಚೆ ಆದರೆ ತೂಕ 8.2ರಿಂದ 9.4ರವರೆಗೆ ಓಡಾಡುತ್ತದೆ, ನೂರಕ್ಕೆ ಆರೇಳು. ಸೂತ್ರ ಹಾಕಿ ದೋಷ ತೆಗೆಯುವುದಕ್ಕಿಂತ ಹಾಳೆಯಲ್ಲಿ ಹತ್ತು ಸಾವಿರ ಸಾಲು ಮಾಡಿ, ಪ್ರತಿ ಸಾಲಿನಲ್ಲೂ ವೇಗ, ಪಾ, ವಾಲು ಮೂರನ್ನೂ ಅವುಗಳ ದೋಷದೊಳಗೆ ಯಾದೃಚ್ಛಿಕವಾಗಿ ಕದಲಿಸಿ, ಬಂದ ತೂಕಗಳ ಹರವು ನೋಡುವುದು ಉತ್ತಮ. ಹರವು ಎರಡೂ ಬದಿಗೆ ಸಮನಾಗಿರುವುದಿಲ್ಲ, ಭಾರದ ಕಡೆಗೆ ಬಾಲ ಉದ್ದ. ವರದಿಯಲ್ಲಿ ಅದನ್ನು ಹಾಗೆಯೇ ತೋರಿಸಿ.

ಮೋಸಹೋಗುವ ಜಾಗಗಳು

2019ರಲ್ಲಿ ಎಲ್‌ಬಿ-1 ಎಂಬ ಜೋಡಿಯಲ್ಲಿ 70 ಸೂರ್ಯರಷ್ಟು ಭಾರದ ಕಪ್ಪುಕುಳಿ ಇದೆ ಎಂಬ ಸುದ್ದಿ ಜಗತ್ತೆಲ್ಲ ಹರಡಿತು. ಹೈಡ್ರೋಜನ್‌ನ ಒಂದು ಹೊಳೆಯುವ ಗೆರೆ ನಕ್ಷತ್ರಕ್ಕೆ ವಿರುದ್ಧವಾಗಿ ಸ್ವಲ್ಪವೇ ಅಲುಗಾಡುತ್ತಿದೆ, ಅದು ಕಪ್ಪುಕುಳಿಯ ಸುತ್ತಲಿನ ಅನಿಲದ್ದು, ಆದ್ದರಿಂದ ಕಪ್ಪುಕುಳಿ ಬಹಳ ಭಾರ ಎಂಬುದು ವಾದ. ಕೆಲವೇ ತಿಂಗಳಲ್ಲಿ ಬೇರೆ ತಂಡಗಳು ತೋರಿಸಿದ್ದು: ನಕ್ಷತ್ರದ ಸ್ವಂತ ಕಪ್ಪು ಗೆರೆ ಆ ಹೊಳೆಯುವ ಗೆರೆಯ ಅಡಿಯಲ್ಲಿ ಹಿಂದೆ ಮುಂದೆ ಸರಿಯುತ್ತಿತ್ತು, ಅದರಿಂದ ನಿಂತಿದ್ದ ಗೆರೆಯೂ ಅಲುಗಾಡಿದಂತೆ ಕಂಡಿತು. 70ರ ಆಧಾರ ಬಿದ್ದುಹೋಯಿತು. 2020ರಲ್ಲಿ ಅತಿ ಸಮೀಪದ ಕಪ್ಪುಕುಳಿ ಎಂದು ಘೋಷಿಸಿದ ಎಚ್‌ಆರ್ 6819ರಲ್ಲಿ ಕಪ್ಪುಕುಳಿಯೇ ಇಲ್ಲ, ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತಿವೆ ಎಂಬುದು 2022ರಲ್ಲಿ ಗಟ್ಟಿಯಾಯಿತು. ಅಲ್ಲಿ ಒಂದು ನಕ್ಷತ್ರ ತನ್ನ ಹೊರಪದರವನ್ನೆಲ್ಲ ಕಳೆದುಕೊಂಡು, ರೋಹಿತ ನೋಡಿ ಊಹಿಸಿದ್ದಕ್ಕಿಂತ ಬಹಳ ಹಗುರಾಗಿತ್ತು. ಆದ್ದರಿಂದ ಕಪ್ಪುಕುಳಿ ಎಂದು ಬರೆಯುವ ಮೊದಲು ಎರಡು ಕೇಳಿಕೊಳ್ಳಿ: ರೋಹಿತದಲ್ಲಿ ಇನ್ನೊಂದು ನಕ್ಷತ್ರದ ಮಸುಕಾದ ಗೆರೆ ಅಡಗಿದೆಯೇ? ಜೊತೆ ನಕ್ಷತ್ರದ ಭಾರವನ್ನು ಬಣ್ಣ ನೋಡಿ ಮಾತ್ರ ಊಹಿಸಿದ್ದೇನೆಯೇ?

ಕಣ್ಣಿಂದ ನೋಡಬೇಕೆನ್ನುವವರಿಗೆ

ಸಿಗ್ನಸ್ ಎಕ್ಸ್-1ರ ಜೊತೆ ನಕ್ಷತ್ರ 8.9ನೇ ಪ್ರಮಾಣದ್ದು, ಸಣ್ಣ ದೂರದರ್ಶಕಕ್ಕೆ ಸಿಗುತ್ತದೆ. ಈಟಾ ಸಿಗ್ನಿ ಎಂಬ ಬರಿಗಣ್ಣಿನ ನಕ್ಷತ್ರದಿಂದ ಪೂರ್ವಕ್ಕೆ ಅರ್ಧ ಡಿಗ್ರಿಯೊಳಗೆ ಹುಡುಕಿ. ರಾಜಹಂಸ ಒಳ್ಳೆಯ ಎತ್ತರದಲ್ಲಿರುವ ತಿಂಗಳುಗಳಲ್ಲಿ ನಮ್ಮ ಕಡೆ ಮಳೆ, ಹಾಗಾಗಿ ಮಹಾನವಮಿಯ ಹೊತ್ತಿಗೆ ಮೋಡ ತೆರವಾಗುವುದನ್ನು ಕಾಯಬೇಕು. ಅಕ್ಟೋಬರ್ ಮೊದಲ ವಾರದಲ್ಲಿ ರಾತ್ರಿ ಎಂಟರ ಸುಮಾರಿಗೆ ಅದು ಧಾರವಾಡದ ಉತ್ತರ ಆಕಾಶದಲ್ಲಿ 70 ಡಿಗ್ರಿ ಎತ್ತರಕ್ಕೆ ಬಂದಿರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವಿನ ದೀಪಗಳ ಸಾಲಿನಿಂದ ದೂರ, ಮುಂಡರಗಿ ಶಿರಹಟ್ಟಿ ಕಡೆಯ ಹೊಲಗಳ ನಡುವೆ ಹೋದರೆ ಚೆನ್ನ. ಕಾಣುವುದು ಒಂದು ಸಾದಾ ಚುಕ್ಕಿ; ಆದರೆ ಲೆಕ್ಕ ಮಾಡಿ ಮುಗಿಸಿದವರು ಅದನ್ನು ಬೇಗ ಬಿಟ್ಟು ಬರಲಾರರು.

ನಿಮ್ಮ ಹಾಳೆಗೆ ಒಂದು ಪರೀಕ್ಷೆ

ವರದಿ ಬರೆಯುವಾಗ ಮೊದಲು ಫ ಮತ್ತು ಅದರ ದೋಷ, ಆಮೇಲೆ ಪಾ, ಆಮೇಲೆ ವಾಲು ಮತ್ತು ಅದನ್ನು ಪಡೆದ ವಿಧಾನ, ಕೊನೆಗೆ ತೂಕ. ಈ ಕ್ರಮದಲ್ಲಿ ಬರೆದರೆ ನಾಳೆ ಯಾರಾದರೂ ವಾಲನ್ನು ಹೊಸದಾಗಿ ಅಳೆದರೂ ನಿಮ್ಮ ಮೊದಲ ಸಾಲು ಉಳಿಯುತ್ತದೆ.

ಇದಕ್ಕೂ ಮುಂಚೆ ಹಾಳೆಯನ್ನು ಇನ್ನೊಂದು ಜೋಡಿಯ ಮೇಲೆ ಪರೀಕ್ಷಿಸಿ. ಏಕಶೃಂಗಿ ಪುಂಜದ ಎ0620-00, 1975ರಲ್ಲಿ ಭುಗಿಲೆದ್ದದ್ದು. 1986ರಲ್ಲಿ ಜೆಫ್ರಿ ಮೆಕ್‌ಕ್ಲಿಂಟಾಕ್ ಮತ್ತು ರೊನಾಲ್ಡ್ ರೆಮಿಲಾರ್ಡ್ ಇದರ ಫ 3ನ್ನು ದಾಟುತ್ತದೆ ಎಂದು ತೋರಿಸಿದರು. ಆಮೇಲಿನ ಅಳತೆಗಳಲ್ಲಿ ವೇಗ ಸ್ವಲ್ಪ ಇಳಿದಿದೆ. ಅವಧಿ 0.323 ದಿನ, ಅಂದರೆ ಏಳೂಮುಕ್ಕಾಲು ಗಂಟೆ, ವೇಗ 435, ಪಾ 0.06; ವಾಲು 51 ಡಿಗ್ರಿ. ಫ 2.75ರ ಹತ್ತಿರ, ತೂಕ 6.6ರ ಹತ್ತಿರ ಬರಬೇಕು. ಫ ಸರಿ ಬಂದು ತೂಕ ಮಾತ್ರ ವಿಚಿತ್ರವಾಗಿ ಬಂದರೆ, ಸೈನ್‌ಗೆ ಡಿಗ್ರಿಯನ್ನೇ ಕೊಟ್ಟಿದ್ದೀರಿ ಎಂದರ್ಥ. ಲೆಕ್ಕದ ಹಾಳೆ ರೇಡಿಯನ್ ಕೇಳುತ್ತದೆ, 51ನ್ನು 0.01745ರಿಂದ ಗುಣಿಸಿ ಕೊಡಿ.